ಹೊತ್ತು ಮಲಗಬೇಡ

ಹೆಗಲಿಲ್ಲದೆ ಹೊರಬಹುದು, ಕೈಯಿಲ್ಲದೆ ಇಳಿಸಬಹುದು. ನಿಂತಾಗ ಹಗುರ, ಮಲಗಿದಾಗ ಭಾರ. ಏನದು, ಹೇಳಿ?

ಹೊಟ್ಟೆ ಅಂದಿರಾ? ತಪ್ಪು. ಚಿಂತೆ ಅಂದಿರಾ? ಎಲ್ಲರೂ ಹಾಗೇ ಅನ್ನುತ್ತಾರೆ, ಅದೂ ತಪ್ಪು. ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ, ನಿಮಗೆ ಸಿಗುವುದಿಲ್ಲ. ಗಾದಿಲಿಂಗಪ್ಪನಿಗೂ ಸಿಕ್ಕಿರಲಿಲ್ಲ. ಅವನು ಅದನ್ನು ಹೊತ್ತುಕೊಂಡೇ ಓಡಾಡುತ್ತಿದ್ದ.

ಶ್ರೀ ಸುಣ್ಣದ ತಾತನವರು ಬಳ್ಳಾರಿ ಸೀಮೆಯ ಒಂದು ಊರಿನಾಚೆ, ಬೆಂಕಿ ಆರಿ ಎಷ್ಟೋ ಕಾಲವಾಗಿದ್ದ ಹಳೆಯ ಸುಣ್ಣದ ಗೂಡಿನಲ್ಲಿ ವಾಸವಾಗಿದ್ದರು. ಗೂಡು ಎಂದರೆ ಗುಬ್ಬಿಯ ಗೂಡಲ್ಲ. ಸುಣ್ಣದ ಕಲ್ಲು ಸುಡಲು ಕಟ್ಟಿದ ದುಂಡನೆಯ ಗೋಡೆ, ತಲೆಯ ಮೇಲೆ ಬರೀ ಆಕಾಶ. ತಾತನವರ ಆಸ್ತಿ ಒಂದು ಗೋಣಿತಟ್ಟು, ಒಂದು ಹಿತ್ತಾಳೆ ಚೊಂಬು, ಒಂದು ಮಣ್ಣಿನ ಬಟ್ಟಲು. ದಿನಕ್ಕೊಮ್ಮೆ, ಹೊತ್ತು ಇನ್ನೂ ಮಾರುದ್ದ ಮೇಲಿರುವಾಗಲೇ ಪ್ರಸಾದ ಸ್ವೀಕರಿಸಿ, ಬಟ್ಟಲನ್ನು ತೊಳೆದು ಬೋರಲು ಹಾಕಿಬಿಡುತ್ತಿದ್ದರು. ಬೋರಲು ಹಾಕಿದ ಮೇಲೆ ಸಾಕ್ಷಾತ್ ಪರಮೇಶ್ವರನೇ ತುಪ್ಪದ ಹೋಳಿಗೆ ಹಿಡಿದುಕೊಂಡು ಬಂದರೂ ಆ ಬಟ್ಟಲು ಮರುದಿನದವರೆಗೆ ಮಗ್ಗುಲು ಬದಲಿಸುತ್ತಿರಲಿಲ್ಲ. ಚುಕ್ಕಿ ಮೂಡುವಾಗ ಗೋಣಿತಟ್ಟಿನ ಮೇಲೆ ಒರಗಿದರೆಂದರೆ ಕೋಳಿ ಕೂಗುವವರೆಗೆ ಎಚ್ಚರವಿಲ್ಲ. ಬೇರೆ ಸಂತರ ದರ್ಶನಕ್ಕೆ ಜನ ಅವರು ಎದ್ದಿರುವಾಗ ಹೋಗುತ್ತಾರೆ. ಈ ತಾತನವರು ನಿದ್ದೆ ಮಾಡುವುದನ್ನು ನೋಡಿ ಕೈಮುಗಿದು ಹೋಗುವ ಭಕ್ತರೂ ಇದ್ದರು.

ಮಾತು ಬಹಳ ಕಡಿಮೆ. ಬಂದವರಿಗೆಲ್ಲ ತಾತನವರು ಕೇಳುತ್ತಿದ್ದುದು ಒಂದೇ, “ಉಂಡಿ?” ಅದೇ ಮಂತ್ರ, ಅದೇ ಉಪದೇಶ, ಅದೇ ಕುಶಲ ವಿಚಾರಣೆ.

ಆ ಊರಿನ ಬಸ್‌ಸ್ಟ್ಯಾಂಡಿನ ಎದುರು ಗಾದಿಲಿಂಗಪ್ಪನ ಖಾನಾವಳಿ ಇತ್ತು. ಹಗಲು ರೊಟ್ಟಿ ಪಲ್ಯ, ಸಂಜೆಯಿಂದ ಮೆಣಸಿನಕಾಯಿ ಬಜ್ಜಿ, ಒಗ್ಗರಣಿ ಮಂಡಕ್ಕಿ. ಗಾದಿ ಎಂದರೆ ಗುರುಗಳ ಪೀಠ; ಆ ಸೀಮೆಯಲ್ಲಿ ದೇವರ ಹೆಸರಿಟ್ಟುಕೊಳ್ಳುವ ರೀತಿ ಅದು. ಆದರೆ ಅಲ್ಲಿ ಹತ್ತಿ ತುಂಬಿದ ಹಾಸಿಗೆಗೂ ಗಾದಿ ಅಂತಲೇ ಅನ್ನುತ್ತಾರೆ. ಹೆಸರಿನಲ್ಲೇ ಹಾಸಿಗೆ ಕಟ್ಟಿಕೊಂಡಿದ್ದರೂ ಗಾದಿಲಿಂಗಪ್ಪನಿಗೆ ನಿದ್ದೆ ಇರಲಿಲ್ಲ. ಮೈ ಮಾತ್ರ ಎರಡು ಗಾದಿ ಸೇರಿಸಿ ಹೊಲಿದಂತೆ ಇತ್ತು.

ಅವನ ದಿನಚರಿಯೇ ಹಾಗಿತ್ತು. ಕೊನೆಯ ಬಸ್ಸಿನವರೂ ಉಂಡು ಕೈತೊಳೆದು ಹೋದ ಮೇಲೆ, ಬೆಂಚು ಎತ್ತಿಟ್ಟು, ಪಾತ್ರೆಯ ತಳದಲ್ಲಿ ಉಳಿದದ್ದನ್ನೆಲ್ಲ ಮುಂದಿಟ್ಟುಕೊಂಡು ಒಬ್ಬನೇ ಕೂರುತ್ತಿದ್ದ. ಉಳಿದದ್ದು ಚೆಲ್ಲಬಾರದು ಎಂಬ ಧರ್ಮ ಒಂದು, ಹಗಲೆಲ್ಲ ಊರಿಗೆ ಬಡಿಸಿದ ಹಸಿವು ಇನ್ನೊಂದು. ಉಂಡ ಕೈ ಒಣಗುವ ಮೊದಲೇ ಹಾಸಿಗೆಗೆ ಬೀಳುವುದು. ಆಮೇಲೆ ಬೆಳಗಿನವರೆಗೆ ಎದೆಯುರಿ, ಹುಳಿತೇಗು, ಮಗ್ಗುಲು, ಗೊರಕೆ. ಆ ಗೊರಕೆಗೆ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವರು, ಯಾವುದೋ ಗಾಡಿ ಚಾಲೂ ಆಯಿತೆಂದು ಎದ್ದು ಗಂಟು ಹೆಗಲಿಗೇರಿಸುತ್ತಿದ್ದರಂತೆ.

ರಾತ್ರಿ ಬಾರದ ನಿದ್ದೆ ಸಂಜೆ ಬಾಂಡ್ಲಿಯ ಮುಂದೆ ಬರತೊಡಗಿತು. ಒಂದು ಸಂಜೆ ಕಾದ ಎಣ್ಣೆಯ ಮೇಲೆ ಬಾಗಿದವನು ಹಾಗೇ ತೂಕಡಿಸಿದ. ಹೆಂಡತಿ ಹುಲಿಗೆಮ್ಮ ಅಂಗಿ ಹಿಡಿದು ಎಳೆಯದಿದ್ದರೆ ಆ ದಿನ ಮೆಣಸಿನಕಾಯಿಯ ಜೊತೆ ಅವನೂ ಕರಿದುಹೋಗುತ್ತಿದ್ದ.

“ಇನ್ನೊಂದ್ ಸಲ ಎಣ್ಣಿ ಮುಂದ ಕಣ್ ಮುಚ್ಚಿದಿ ಅಂದ್ರ ಒಲಿಗೆ ನೀರ್ ಹಾಕ್ತೀನಿ,” ಎಂದಳು ಹುಲಿಗೆಮ್ಮ. “ಖಾನಾವಳಿ ಹೋದ್ರ ಹೋಗ್ಲಿ. ಬಜ್ಜಿ ಸಲುವಾಗಿ ನಾನು ಬಳಿ ಒಡಕಳಾಕಿ ಅಲ್ಲ.”

ಅವನಿಗೆ ಒಲೆ ಎಂದರೆ ಪ್ರಾಣ. ಅಪ್ಪ ಹಾಕಿದ ಒಲೆ ಅದು. ಬೇರೆ ಕೆಲಸ ಕಲಿತಿರಲಿಲ್ಲ, ಕಲಿಯುವ ಮೈಯೂ ಅಲ್ಲ. ಹಾಗಾಗಿ, “ಸುಣ್ಣ ಬಡಕಂಡ ಮುದುಕಗೆ ಏನ್ ತಿಳೀತೈತಿ?” ಎಂದು ಗೊಣಗಿಕೊಂಡೇ ಹೆಂಡತಿಯ ಹಿಂದೆ ಗೂಡಿಗೆ ಬಂದ.

“ಉಂಡಿ?” ಎಂದರು ತಾತನವರು.

“ಉಣ್ಣೋದ ಸುದ್ದೀನ ಹೇಳಾಕ ಬಂದೀನಿ ತಾತ. ಡಾಕ್ಟ್ರು ತೂಕ ಇಳಸು ಅಂತಾರ. ಈಕಿ ಹೊಟ್ಟಿ ಇಳಸು ಅಂತಾಳ. ನಾ ಉಣ್ಣೋದಾ ರಾತ್ರಿ ಒಂದ್ ಹೊತ್ತು. ಹಗಲು ಬರೇ ರುಚಿ ನೋಡ್ತೀನಿ, ಅಷ್ಟಾ. ಹಂಗಿದ್ರೂ ಯಾಕ ಊದೀನಿ? ಯಾಕ ನಿದ್ದಿ ಇಲ್ಲ? ನೀವು ದೊಡ್ಡೋರಂತೀರಿ, ಹೇಳ್ರಿ ನೋಡಾನ.”

ಹುಲಿಗೆಮ್ಮ ಮೊಣಕೈಯಿಂದ ತಿವಿದಳು. ತಾತನವರು ಅವನ ಹೊಟ್ಟೆಯನ್ನು ನೋಡಲಿಲ್ಲ, ಮುಖವನ್ನು ನೋಡಿದರು. “ಹೊತ್ತು ಮಲಗಬ್ಯಾಡ,” ಎಂದು ಅಪ್ಪಣೆ ಕೊಡಿಸಿದರು. ಅಷ್ಟೇ. ಆಮೇಲೆ ಬಟ್ಟಲು ಬೋರಲು ಹಾಕಿ ಗೋಡೆಗೆ ಒರಗಿದರು.

ಮಹಾತ್ಮರ ಮಾತು ಚಿಕ್ಕದಿದ್ದಷ್ಟೂ ಕೇಳಿದವರ ಪಾಡು ದೊಡ್ಡದು. ದಾರಿಯುದ್ದಕ್ಕೂ ಗಂಡಹೆಂಡತಿ ಅದನ್ನೇ ಹಿಂಜಿದರು.

“ಅನ್ನ ತಳ ಹಿಡಿದು ಹೊತ್ತುತ್ತಲ್ಲ, ಅಂಥಾದ್ದು ಉಂಡು ಮಲಗಬ್ಯಾಡ ಅಂದಿರಬೇಕು,” ಎಂದ ಗಾದಿಲಿಂಗಪ್ಪ. ಅಡುಗೆಯವನಿಗೆ ಮೊದಲು ಹೊಳೆಯುವುದು ಅದೇ.

“ಹೊತ್ತು ಅಂದ್ರ ಹಗಲು. ಹಗಲು ಮಲಗಬ್ಯಾಡ ಅಂದಾರ,” ಎಂದಳು ಹುಲಿಗೆಮ್ಮ.

ಮಧ್ಯಾಹ್ನ ಗೋಡೆಗೆ ಒರಗಿ ಕದಿಯುತ್ತಿದ್ದ ಒಂದಿಷ್ಟು ನಿದ್ದೆಯೂ ಅಂದಿಗೆ ನಿಂತಿತು. ಸಂಜೆಯ ತೂಕಡಿಕೆ ಇನ್ನೂ ಜೋರಾಯಿತು.

ಖಾನಾವಳಿಯ ಪಕ್ಕದಲ್ಲಿ ಉಳ್ಳಾಗಡ್ಡಿ ಮಂಡಿಯ ಖಾಜಾಸಾಬ. ಗೆಳೆಯ, ದಿನದ ಗಿರಾಕಿ, ಕೇಳದಿದ್ದರೂ ಬುದ್ಧಿ ಹೇಳುವವನು. ಅವನು ಬಜ್ಜಿ ಕಚ್ಚುತ್ತಾ ತೀರ್ಪು ಕೊಟ್ಟ: “ಎಲಾ ಗಾದಿ, ಒಪ್ಪೊತ್ತು ಇರೋದು ಅಂತೀವಲ್ಲ? ಹೊತ್ತು ಅಂದ್ರ ಊಟ. ಒಂದ್ ಊಟ ಬಿಡು ಅಂದಾರ ತಾತ. ಇಷ್ಟೂ ತಿಳಿಯಂಗಿಲ್ಲೇನೋ?”

ಗಾದಿಲಿಂಗಪ್ಪ ಬಿಟ್ಟ. ಯಾವುದನ್ನು? ಹಗಲಿನ ರುಚಿ ನೋಡುವುದನ್ನು. ಸಾರಿಗೆ ಉಪ್ಪು ಹೆಚ್ಚಾಗಿ ಗಿರಾಕಿಗಳು ಬೈದರು. ಕೊನೆಯ ಬಸ್ಸು ಹೋಗುವಷ್ಟರಲ್ಲಿ ಅವನ ಹೊಟ್ಟೆಯೊಳಗೆ ಹುಲಿ ಕೂತಿರುತ್ತಿತ್ತು. ಮೊದಲು ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದವನು ಈಗ ತನಗೆಂದು ತಳದಲ್ಲಿ ಉಳಿಸತೊಡಗಿದ. ಖಾಜಾಸಾಬ ಅವನನ್ನು ಉಳ್ಳಾಗಡ್ಡಿ ಚೀಲ ತೂಗುವ ಕಾಟದ ಮೇಲೆ ನಿಲ್ಲಿಸಿ ನೋಡಿದ. ಇಳಿದಿರಲಿಲ್ಲ, ಏರಿತ್ತು. “ಕಾಟ ಕೆಟ್ಟೈತಿ ಬಿಡು,” ಎಂದು ಸಮಾಧಾನ ಹೇಳಿದ.

ಕಡೆಗೆ ಒಂದು ದಿನ, ಹೊತ್ತು ಎಂದರೆ ಹೊತ್ತುಕೊಳ್ಳುವುದೂ ಆಗುತ್ತದೆ ಎಂದು ಗಾದಿಲಿಂಗಪ್ಪನಿಗೆ ತಾನಾಗಿಯೇ ಹೊಳೆಯಿತು. ಬಹಳ ಹಿಗ್ಗಿದ. ಹೊದೆಯುತ್ತಿದ್ದ ಕೌದಿಯನ್ನು ಎಸೆದ, ಸೊಂಟದ ಕೀಲಿಗೊಂಚಲನ್ನು ಮೊಳೆಗೆ ಹಾಕಿದ, ಬೆಳ್ಳಿಯ ಉಡುದಾರವನ್ನೂ ಬಿಚ್ಚಿಟ್ಟ. ಹೊಟ್ಟೆ ತುಂಬ ಉಂಡು ಮಲಗಿದ. ನಿದ್ದೆ ಬರಲಿಲ್ಲ, ಚಳಿ ಬಂತು.

ಮರುದಿನ ಮಧ್ಯಾಹ್ನ ಕಳೆದು ಸಂತೆಯ ಜನ ಬಜ್ಜಿಗೆ ಮುತ್ತಿದ್ದರು. ಗಾದಿಲಿಂಗಪ್ಪ ಸೌಟು ಎತ್ತಿದವನು ಇಳಿಸಲೇ ಇಲ್ಲ. ಕಣ್ಣು ಮುಚ್ಚಿದ್ದವು. ಸೌಟು ಜಾರಿ ಬಾಂಡ್ಲಿಗೆ ಬಿತ್ತು. ಎಣ್ಣೆ ಸಿಡಿದು ಮುಂಗೈ ಬೊಬ್ಬೆ ಎದ್ದಿತು. ಹುಲಿಗೆಮ್ಮ ಅಳಲಿಲ್ಲ, ಬೈಯಲಿಲ್ಲ. ಅವನನ್ನು ದೂರ ತಳ್ಳಿ, ಬಾಂಡ್ಲಿ ಇಳಿಸಿ, ಕೊಡದ ನೀರನ್ನು ಒಲೆಗೆ ಸುರಿದಳು. ಚುಂಯ್ ಎಂದಿತು. ಅಪ್ಪನ ಕಾಲದ ಒಲೆ ಹೊಗೆಯಾಡಿ ಆರಿತು.

“ಮುಗೀತು,” ಎಂದಳು. ಬಾಗಿಲು ಎಳೆದು, ಕೀಲಿ ಹಾಕಿ, ಗೊಂಚಲನ್ನು ಸೆರಗಿಗೆ ಕಟ್ಟಿಕೊಂಡಳು.

ಗಾದಿಲಿಂಗಪ್ಪ ಸುಟ್ಟ ಕೈ ಹಿಡಿದುಕೊಂಡು ನೆಟ್ಟಗೆ ಗೂಡಿಗೆ ನಡೆದ. ಹೊತ್ತು ಇನ್ನೂ ಮುಳುಗಿರಲಿಲ್ಲ. ತಾತನವರು ಆಗತಾನೆ ಬಟ್ಟಲು ಬೋರಲು ಹಾಕಿದ್ದರು.

“ಉಂಡಿ?”

“ಏನ್ ಉಣ್ಣಲಿ? ನಿಮ್ ಮಾತು ಕೇಳಿ ಉಣ್ಣೋ ಅನ್ನಕ್ಕ ಮಣ್ಣು ಬಿತ್ತು!” ಎಂದು ಕೂಗಿದ. “ಹಗಲು ಮಲಗ್ಲಿಲ್ಲ. ರುಚಿ ನೋಡೋದು ಬಿಟ್ಟೆ. ಉಡುದಾರ ಬಿಚ್ಚಿದೆ. ಒಲಿ ಆರಿತು. ಇನ್ನೇನ್ ಬಿಚ್ಚಲಿ ಹೇಳ್ರಿ!”

ತಾತನವರು ಕೋಪಿಸಿಕೊಳ್ಳಲಿಲ್ಲ. ಎದ್ದರು. ಮೂಲೆಯಲ್ಲಿ ಹಳೆಯ ಸುಣ್ಣದ ಕಲ್ಲು ತುಂಬಿದ ಪುಟ್ಟಿಯೊಂದಿತ್ತು. ಅದರತ್ತ ಬೆರಳು ತೋರಿ, “ಹೊರು,” ಎಂದರು.

ಸಿಟ್ಟಿನಲ್ಲಿ ಕೈಯ ಉರಿ ಮರೆತು ಗಾದಿಲಿಂಗಪ್ಪ ಒಂದೇ ಏಟಿಗೆ ಪುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡ. ಕುತ್ತಿಗೆ ಹೆಗಲೊಳಗೆ ಇಳಿಯಿತು.

ತಾತನವರು ಗೋಣಿತಟ್ಟು ಹಾಸಿದರು. “ಮಲಗು.”

“ಪುಟ್ಟಿ?”

“ಅದು ಇರಲಿ. ಮಲಗು.”

“ಏನ್ ತಾತಾ ನೀವು! ಇಷ್ಟು ಹೊತ್ತು ಹೆಂಗ ಮಲಗಲಿ?”

ಆಡಿದ ಮಾತು ಅವನ ಕಿವಿಗೇ ಬಿತ್ತು. ಹೊತ್ತು ಹೆಂಗ ಮಲಗಲಿ. ತಳದ ಅನ್ನ, ತಳದ ಸಾರು, ತಣ್ಣಗಾದ ಬಜ್ಜಿ, ಎಲ್ಲವೂ ಒಂದೊಂದಾಗಿ ನೆನಪಾದವು.

“ಹಂಗಾದ್ರ ಇಷ್ಟು ದಿನ ಹೆಂಗ ಮಲಗಿದಿ?” ಎಂದರು ತಾತನವರು.

ಗಾದಿಲಿಂಗಪ್ಪನ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಎರಡೂ ಪುಟ್ಟಿ ಹಿಡಿದಿದ್ದವು.

“ಇಳಸು,” ಎಂದು ತಾತನವರು ತಾವೇ ಒಂದು ಬದಿ ಹಿಡಿದು ಇಳಿಸಿದರು. ಆಮೇಲೆ ಅಲ್ಲಿ ಒಂದು ಸಂಗತಿ ನಡೆಯಿತು. ದೇವರಿಗೂ ಮಗ್ಗುಲು ಬದಲಿಸದ ಬಟ್ಟಲನ್ನು ತಾತನವರು ಎತ್ತಿ ನೆಟ್ಟಗೆ ಇಟ್ಟರು. ಭಕ್ತರು ತಂದಿಟ್ಟಿದ್ದ ಜೋಳದ ರೊಟ್ಟಿ ಮುರಿದು, ಪುಂಡಿಪಲ್ಯ ಹಾಕಿ, ಅವನ ಮುಂದೆ ಹಿಡಿದರು.

“ಬೋರಲು ಹಾಕಿದ್ರಲ್ಲ ತಾತ...” ಎಂದ ಅವನು.

“ಹೊತ್ತೈತಿ. ಉಣ್ಣು.”

ಊರಿಗೆಲ್ಲ ಬಡಿಸಿದ ಕೈ ಅದು. ಅದಕ್ಕೆ ಇನ್ನೊಂದು ಕೈ ಬಡಿಸಿ ಎಷ್ಟು ಕಾಲವಾಗಿತ್ತೋ. ಕೊನೆಯ ಬಸ್ಸಿಗಾಗಿ ಕಾಯದೆ, ಬೆಂಚು ಎತ್ತಿಡದೆ, ಬೆಳಕಿನಲ್ಲಿ ತಾನು ಏನು ಉಣ್ಣುತ್ತಿದ್ದೇನೆ ಎಂದು ಕಾಣುವಂತೆ ಗಾದಿಲಿಂಗಪ್ಪ ಉಂಡ. ಒಂದು ರೊಟ್ಟಿಗೇ ಸಾಕಾಯಿತು. ಅದನ್ನು ಅವನಿಗೇ ನಂಬಲಾಗಲಿಲ್ಲ.

ಉಂಡವನು ಅಭ್ಯಾಸದಂತೆ ಅಲ್ಲೇ ಅಡ್ಡಾಗಲು ಹೋದ. “ಕುಂದ್ರು,” ಎಂದರು ತಾತನವರು. ಕೂತ. ಹೊತ್ತು ಮುಳುಗಿತು. ಹಕ್ಕಿಗಳು ಗೂಡಿನ ಗೋಡೆಯ ಸಂದಿಗೆ ಸೇರಿದವು. ಚುಕ್ಕಿ ಮೂಡಿದ ಮೇಲೆ ತಾತನವರು ಗೋಣಿತಟ್ಟಿನಲ್ಲಿ ಅರ್ಧ ಜಾಗ ಬಿಟ್ಟು ಒರಗಿದರು. ಗಾದಿಲಿಂಗಪ್ಪನಿಗೆ ಗೋಣಿಯ ನಾರು ಮೈಗೆ ಚುಚ್ಚಿದ್ದಷ್ಟೇ ನೆನಪು.

ಗಂಡ ಗೂಡಿಗೆ ಹೋದ ಎಂದು ಖಾಜಾಸಾಬ ಹೇಳಿದ್ದರಿಂದ ರಾತ್ರಿ ಧೈರ್ಯವಾಗಿದ್ದ ಹುಲಿಗೆಮ್ಮ ಬೆಳಕು ಹರಿಯುವಾಗ ಹುಡುಕಿಕೊಂಡು ಬಂದಳು. ಬಂದು ನೋಡಿದರೆ ಗಂಡ ಅಂಗಾತ ಬಿದ್ದಿದ್ದಾನೆ, ಗೊರಕೆ ಇಲ್ಲ. ಮದುವೆಯಾದಂದಿನಿಂದ ಆ ಗೊರಕೆಯಿಂದಲೇ ಅವನು ಬದುಕಿದ್ದಾನೆಂದು ತಿಳಿಯುತ್ತಿದ್ದವಳು ಅವಳು. “ಅಯ್ಯಯ್ಯೋ, ಹೋಗಿಬಿಟ್ಟೆಲ್ಲೋ ನನ್ ಗಂಡನಾ!” ಎಂದು ಬೊಬ್ಬೆ ಇಟ್ಟಳು.

ಗಾದಿಲಿಂಗಪ್ಪ ಒಂದು ಕಣ್ಣು ತೆರೆದ. “ಸುಮ್ಕಿರಲೇ. ಈಗಾದ್ರೂ ಮಲಗೀನಿ.”

ಹುಲಿಗೆಮ್ಮ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ ನಕ್ಕಳು. ಸೆರಗಿನ ಗಂಟು ಬಿಚ್ಚಿ ಕೀಲಿಗೊಂಚಲನ್ನು ತಾತನವರ ಪಾದದ ಬಳಿ ಇಟ್ಟಳು. ತಾತನವರು ಅದನ್ನು ಕಾಲಿನಿಂದಲೇ ಗಾದಿಲಿಂಗಪ್ಪನ ಕಡೆಗೆ ಸರಿಸಿದರು. ಅಂದೇ ಗಂಡಹೆಂಡತಿ ಮನೆಗೆ ಹೋಗಿ ಒಲೆಯ ಬೂದಿ ತೆಗೆದು ಹೊಸ ಬೆಂಕಿ ಹಾಕಿದರು. ಸಂಜೆಯ ಬಜ್ಜಿಗೆ ಬಾಂಡ್ಲಿ ಏರುವ ಮೊದಲು, ಹೊತ್ತು ಇರುವಾಗಲೇ, ಗಂಡಹೆಂಡತಿ ಎದುರುಬದುರು ಕೂತು ಒಬ್ಬರಿಗೊಬ್ಬರು ಬಡಿಸಿಕೊಂಡು ಉಣ್ಣುವ ಪದ್ಧತಿ ಖಾನಾವಳಿಯಲ್ಲಿ ಶುರುವಾಯಿತು. ಆಗ ಬಂದ ಗಿರಾಕಿ ಕಾಯಬೇಕು. ತಳದಲ್ಲಿ ಉಳಿದದ್ದು ಬಸ್‌ಸ್ಟ್ಯಾಂಡಿನಲ್ಲಿ ಹಸಿದವರಿಗೆ ಹೋಗುತ್ತಿತ್ತು. ಎಣ್ಣೆಯ ಮುಂದೆ ಅವನ ಕಣ್ಣು ಮತ್ತೆ ಮುಚ್ಚಲಿಲ್ಲ.

ಇನ್ನು ತೂಕ. ಕೆಲವು ಹುಣ್ಣಿಮೆ ಕಳೆದ ಮೇಲೆ ಖಾಜಾಸಾಬ ಅವನನ್ನು ಮತ್ತೆ ಕಾಟದ ಮೇಲೆ ನಿಲ್ಲಿಸಿದ. ಮುಳ್ಳು ಅಲ್ಲಾಡಲೇ ಇಲ್ಲ. ಗಾದಿಲಿಂಗಪ್ಪ ಹೂವಿನಷ್ಟು ಹಗುರಾಗಿದ್ದ. ಖಾಜಾಸಾಬ ಉಳ್ಳಾಗಡ್ಡಿ ಬಿಟ್ಟು ಓಡಿಬಂದು ತಾತನವರ ಪಾದದ ಮೇಲೆ ಬಿದ್ದ. ಆಕಾಶದಿಂದ ಸುಣ್ಣದ ಹುಡಿ ಮಳೆಯಂತೆ ಸುರಿಯಿತು.

ಕಾಟದ ಈ ಪವಾಡ ಕಥೆ ಬರೆದವನೇ ಕಟ್ಟಿದ ಸುಳ್ಳು. ಕಾಟ ಆಗ ನಿಜವಾಗಿಯೂ ಕೆಟ್ಟು ಮೂಲೆ ಸೇರಿತ್ತು. ಗಾದಿಲಿಂಗಪ್ಪನ ತೂಕ ಇಳಿಯಿತೋ ಇಲ್ಲವೋ ಯಾರೂ ತೂಗಿ ನೋಡಿಲ್ಲ, ಹುಲಿಗೆಮ್ಮನೂ ಅವನನ್ನು ಕೇಳಿಲ್ಲ. ನಿದ್ದೆ ಬಂದದ್ದು ನಿಜ, ಒಲೆ ಉರಿದದ್ದು ನಿಜ, ಬಟ್ಟಲು ನೆಟ್ಟಗಾದದ್ದು ನಿಜ.

ಒಗಟಿಗೆ ಉತ್ತರ ಹಾಸಿಗೆಯ ಹೊತ್ತಿನ ಊಟ ಎಂದು ಇಷ್ಟರಲ್ಲಿ ನಿಮಗೆ ಹೊಳೆದಿರಬಹುದು. ಅದು ಅರ್ಧ. ಉತ್ತರದ ಇನ್ನರ್ಧ, ಬರೆದವನು ಕಟ್ಟಿದಂಥ ಸುಳ್ಳು. ಹೆಗಲಿಲ್ಲದೆ ಹೊರಬಹುದು, ಕೈಯಿಲ್ಲದೆ ಇಳಿಸಬಹುದು. ತಾತನವರ ಅಪ್ಪಣೆಯಂತೆ ಬರೆದವನು ಮಲಗುವ ಮುಂಚೆ ಅದನ್ನು ಇಲ್ಲಿ ಇಳಿಸಿದ್ದಾನೆ.