ನೇರಲಗುಡ್ಡದ ತಿಪ್ಪಕ್ಕನ ಚರ್ಚು

ನೇರಲಗುಡ್ಡದ ಹಳೆಯ ದಂಡು ಪ್ರದೇಶದಲ್ಲಿ ಬಸ್ಸಿಳಿದು, ಸಂತ ಬಾರ್ತಲೊಮಾಯರ ದೇವಾಲಯ ಎಲ್ಲಿ ಎಂದು ಕೇಳಿ ನೋಡಿ, ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ತಿಪ್ಪಕ್ಕನ ಚರ್ಚು ಎನ್ನಿ, ಹತ್ತು ಕೈಗಳು ದಾರಿ ತೋರಿಸುತ್ತವೆ. ಗುಡ್ಡದ ನೆತ್ತಿಯ ಮೇಲೆ ಚೌಕನೆಯ ಗೋಪುರ, ಅದರ ತುದಿಗೆ ಕೋಟೆಯ ತೆನೆಗಳಂಥ ಕಲ್ಲಿನ ಹಲ್ಲುಗಳು. ಪೂರ್ವದ ಗೋಡೆಯಲ್ಲಿ ಬಣ್ಣದ ಗಾಜಿನ ಎತ್ತರದ ಕಿಟಕಿ. ಒಳಗೆ ನಡುವೆ ಓಡಾಡುವ ದಾರಿ, ಎರಡೂ ಕಡೆ ತೇಗದ ಬೆಂಚುಗಳ ಸಾಲು. ಬೈಬಲ್ ಇಡುವಲ್ಲಿ ರೆಕ್ಕೆ ಬಿಚ್ಚಿದ ಹಿತ್ತಾಳೆಯ ಹದ್ದು, ಬಾಗಿಲ ಬಳಿ ಮಕ್ಕಳಿಗೆ ಜ್ಞಾನಸ್ನಾನ ಕೊಡುವ ಎಂಟು ಮೂಲೆಯ ತೊಟ್ಟಿ. ಎಲ್ಲವೂ ಇಂಗ್ಲೆಂಡಿನ ಹಳ್ಳಿ ಚರ್ಚಿನ ಪಡಿಯಚ್ಚು ಎಂದು ಅಲ್ಲಿ ಮಾರುವ ಕಿರುಹೊತ್ತಗೆ ಹೇಳುತ್ತದೆ. ಅದನ್ನು ನಾನು ಮೂರು ಸಲ ಓದಿದ್ದೇನೆ. ಹದ್ದು ಕೊಟ್ಟ ಮೇಜರನ ಹೆಸರಿದೆ, ಕಿಟಕಿ ಮಾಡಿಸಿಕೊಟ್ಟ ದೊರೆಸಾನಿಯ ಹೆಸರಿದೆ, ಗಂಟೆ ಎರಕ ಹೊಯ್ದ ಊರಿನ ಹೆಸರೂ ಇದೆ. ತಿಪ್ಪಕ್ಕನ ಹೆಸರು ಎಲ್ಲೂ ಇಲ್ಲ. 'ಸ್ಥಳೀಯ ಕೂಲಿಗಳ ನೆರವಿನಿಂದ' ಎಂದು ಅರ್ಧ ಸಾಲು ಬರೆದು ಕೈ ತೊಳೆದುಕೊಂಡಿದ್ದಾರೆ. ನೆರವಂತೆ! ಗೋಡೆ ಎತ್ತಿದವರು ನೆರವು ಕೊಟ್ಟವರು, ನೆರಳಲ್ಲಿ ಕುರ್ಚಿ ಹಾಕಿಕೊಂಡು ನೋಡಿದವರು ಕಟ್ಟಿದವರು! ಆದ್ದರಿಂದ ಈ ಹೆಸರು ಬಂದ ಬಗೆಯನ್ನು ಇಲ್ಲಿನ ಹಿರಿಯ ಹೆಂಗಸರು ಹೇಳುವಂತೆಯೇ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಗುಡ್ಡದ ಮೇಲೆ ಬಿಳಿಯರ ಪಲ್ಟನ್ನು ಬೀಡು ಬಿಟ್ಟಿದ್ದ ಕಾಲದಲ್ಲಿ, ಇಲ್ಲೊಂದು ಚರ್ಚು ಏಳಬೇಕೆಂದು ಕರ್ನಲ್ ದೊರೆಯ ಅಪ್ಪಣೆಯಾಯಿತಂತೆ. ನಕ್ಷೆ ಸೀಮೆಯಿಂದ ಬಂತು. ಕಲ್ಲು ಇಲ್ಲಿನದು, ಸುಣ್ಣ ಇಲ್ಲಿನದು, ಬೆವರೂ ಇಲ್ಲಿನದೇ. ಸುಣ್ಣ, ಮರಳು ಬೆರೆಸಿ ಗಾರೆ ಕುಟ್ಟುತ್ತಿದ್ದವರು ಎಂಟು ಮಂದಿ ಹೆಂಗಸರು, ಅವರಿಗೆ ತಿಪ್ಪಕ್ಕ ಯಜಮಾನಿ. ಎಂಟೂ ಮಂದಿಗೆ ಎರಡು ವರ್ಷ ಮೊದಲೇ ವಿಟ್‌ಕೂಂಬ್ ಎಂಬ ಪಾದ್ರಿ ಹಳ್ಳದ ನೀರಿನಲ್ಲಿ ಜ್ಞಾನಸ್ನಾನ ಕೊಟ್ಟಿದ್ದ. ಚರ್ಚು ಏಳಲಿ, ಒಳಗೆ ನಿಮಗೂ ಕೂರುವ ಜಾಗ ಇರುತ್ತದೆ ಎಂದು ಮಾತು ಕೊಟ್ಟಿದ್ದ. ಆ ಮಾತನ್ನು ನಂಬಿ ಅವರು ಮೂರು ವರ್ಷ ಗಾರೆ ಕುಟ್ಟಿದರು ಎನ್ನುತ್ತಾರೆ. ಸೀಮೆಯಿಂದ ಹೊರಟ ಜ್ಞಾನಸ್ನಾನದ ಕಲ್ಲಿನ ತೊಟ್ಟಿ ಕಣಿವೆಯಲ್ಲಿ ಗಾಡಿ ಮಗುಚಿ ಎರಡು ಹೋಳಾದಾಗ, ಅದೇ ಅಳತೆಯಲ್ಲಿ ಇಟ್ಟಿಗೆ ಗಾರೆಯಿಂದ ಹೊಸದನ್ನು ಕಟ್ಟಿದ್ದೂ ಅವರ ಗುಂಪೇ.

ಗಾರೆಯವರಲ್ಲಿ ಒಂದು ಕಟ್ಟಳೆಯಿತ್ತು. ನೀರು ನಿಲ್ಲಬೇಕಾದ ಯಾವುದನ್ನೇ ಕಟ್ಟಲಿ, ಕಡೆಯ ಕೈ ಬಳಿಯುವ ಮುನ್ನ ಕಟ್ಟಿಸಿದವರು ಅವರನ್ನು ಒಳಗೆ ಕರೆದು, ಕೂರಿಸಿ, ಎಲೆ ಅಡಿಕೆ ಕೊಡಬೇಕು. ಕೂರಿಸದೆ ಕಡೆಯ ಕೈ ಇಲ್ಲ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲ, ಮೊಟ್ಟೆಯ ಬಿಳಿ ಸೇರಿಸಿ ಬೆಣ್ಣೆಯಂತೆ ಅರೆದ ಗಾರೆಯನ್ನು ಬಳಿದು, ನುಣುಪು ಕಲ್ಲಿನಿಂದ ದಿನಗಟ್ಟಲೆ ತಿಕ್ಕುವುದೇ ಕಡೆಯ ಕೈ. ಅದಿಲ್ಲದಿದ್ದರೆ ಇಟ್ಟಿಗೆ ನೀರು ಕುಡಿಯುತ್ತದೆ. ಸುಣ್ಣದ ಭಟ್ಟಿ ನಡೆಸಿ ಬದುಕಿದವಳು ನಾನು, ಇದರಲ್ಲಿ ಕಟ್ಟುಕಥೆಯಿಲ್ಲ.

ಅಷ್ಟರಲ್ಲಿ ಬೆಂಚುಗಳು ಬಂದವು. ಒಂದೊಂದಕ್ಕೂ ಸೊಂಟದೆತ್ತರದ ಬಾಗಿಲು, ಬಾಗಿಲಿಗೆ ಹಿತ್ತಾಳೆಯ ಫಲಕ, ಫಲಕದಲ್ಲಿ ಹುದ್ದೆಯ ಪ್ರಕಾರ ಹೆಸರು. ಮುಂದಿನದು ಕರ್ನಲ್‌ನದು, ಹಿಂದಿನದು ಸಿಪಾಯಿಗಳದು. ತಿಪ್ಪಕ್ಕ ಒಳಗೆ ಬಂದು ಕೊನೆಯ ಸಾಲಿನವರೆಗೂ ನೋಡಿದಳು. "ನಮ್ಮ ಬೆಂಚು ಯಾವ್ದು ಸ್ವಾಮಿ?" ಎಂದು ಕೇಳಿದಳು. ಪಾದ್ರಿ ನೆಲ ನೋಡಿದ. ಕರ್ನಲ್‌ನ ಜೊತೆಗಿದ್ದ ದುಭಾಷಿಯೇ ಉತ್ತರ ಕೊಟ್ಟ: "ನಿಮಗೆ ಬಾಗಿಲಾಚೆ ಚಾಪೆ ಹಾಸ್ತಾರೆ ಕಣಮ್ಮ. ಅಲ್ಲಿಂದ್ಲೂ ಎಲ್ಲಾ ಕೇಳ್ಸುತ್ತೆ."

"ಕೇಳ್ಸೋದು ದನ ಮೇಯಿಸೋರಿಗೂ ಕೇಳ್ಸುತ್ತಪ್ಪ. ನಾನು ಕೇಳಿದ್ದು ಕೂರೋ ಜಾಗ."

ಚರ್ಚು ಮುಗಿಯಿತು, ಇವಳ ಕೆಲಸವೂ ಮುಗಿಯಿತು ಎಂದು ಕರ್ನಲ್ ಹೇಳಿಸಿದ. ಮುಗಿದಿಲ್ಲ, ತೊಟ್ಟಿಗೆ ಕಡೆಯ ಕೈ ಆಗಿಲ್ಲ ಎಂದು ಇವಳು ಹೇಳಿಸಿದಳು. ಕರ್ನಲ್ ನಕ್ಕನಂತೆ. ಕಡೆಯ ಕೈ ಎಂದರೆ ಬರಿಯ ಅಂದಕ್ಕೆ ಬಳಿಯುವ ಬಣ್ಣ ಎಂದುಕೊಂಡು, ತೊಟ್ಟಿಗೆ ಎರಡು ಸಲ ಸುಣ್ಣ ಹೊಡೆಸಿದ. ನೋಡುವವರಿಗೆ ಬೆಳ್ಳಗೆ ಚೆನ್ನಾಗಿಯೇ ಕಾಣುತ್ತಿತ್ತು.

ಚರ್ಚು ತೆರೆದ ಭಾನುವಾರ ಕರ್ನಲ್‌ನ ಹಸುಗೂಸಿಗೇ ಮೊದಲ ಜ್ಞಾನಸ್ನಾನ. ಬೆಳ್ಳಿಯ ಹೂಜಿಯಿಂದ ನೀರು ಹೊಯ್ದರು. ಕೀರ್ತನೆ ಮುಗಿಯುವುದರೊಳಗೆ ತೊಟ್ಟಿಯ ತಳದಲ್ಲಿ ಪಸೆ ಮಾತ್ರ ಉಳಿದಿತ್ತು. ಮತ್ತೆ ಹೊಯ್ದರು, ಅದೂ ಇಳಿಯಿತು. ಸಿಪಾಯಿಗಳು ಚರ್ಮದ ಚೀಲಗಳಲ್ಲಿ ನೀರು ಹೊತ್ತು ತರತೊಡಗಿದರು. ಆಚೆ ಚಾಪೆಯ ಮೇಲಿದ್ದ, ಗಾರೆಯ ಗುಂಪಿನ ಮಾರಕ್ಕ ಎಂಬವಳು, "ಅಕ್ಕಾ, ತೊಟ್ಟಿಗೆ ಬಲು ದಾಹ ಕಣೆ, ಮಜ್ಜಿಗೆ ತರಾಣ್ವಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳಂತೆ. ಬೋಗುಣಿ ತರಿಸು ಎಂದು ಕರ್ನಲ್ ಗದರಿದ. ಅಲ್ಲಿಯವರೆಗೆ ತಲೆ ತಗ್ಗಿಸಿಯೇ ಇದ್ದ ಪಾದ್ರಿ ಆಗ ಪುಸ್ತಕ ಮುಚ್ಚಿದ. ಮಾತಿಗೆ ತಪ್ಪಿದ ಕೈಯಿಂದ ಮಗುವಿಗೆ ನೀರು ಹಾಕಲಾರೆ ಎಂದ. ಎಡಗಡೆಯ ಮೂರನೆಯ ಬೆಂಚಿನ ಬಾಗಿಲು ತೆರೆದು, ಎಂಟೂ ಮಂದಿಯನ್ನು ಕರೆದು ಕೂರಿಸಿ, ಎಲೆ ಅಡಿಕೆ ತರಿಸಿ ತಾನೇ ಕೊಟ್ಟ. ಇಷ್ಟು ತಡವಾಗಿ ಬಂದ ಧೈರ್ಯಕ್ಕೆ ನಾನಂತೂ ಅವನನ್ನು ಹೊಗಳಲಾರೆ. ತಿಪ್ಪಕ್ಕ ಮಾತ್ರ ತನ್ನ ಮಾತು ಉಳಿಸಿಕೊಂಡಳು. ಆ ವಾರವಿಡೀ ಅರೆದು, ಬಳಿದು, ತಿಕ್ಕಿ, ತೊಟ್ಟಿಯನ್ನು ಕನ್ನಡಿಯಂತೆ ಮಾಡಿಟ್ಟಳು.

ಮುಂದಿನ ಭಾನುವಾರ ಬಂದು ನೋಡಿದರೆ ಮೂರನೆಯ ಬೆಂಚಿನ ಬಾಗಿಲಿಗೆ ಬೀಗ. ಕೂರಿಸಿದ್ದಾಯಿತು, ಕಟ್ಟಳೆ ತೀರಿತು ಎಂಬುದು ಕರ್ನಲ್‌ನ ಲೆಕ್ಕಾಚಾರ. ತೊಟ್ಟಿಯಲ್ಲಿ ನೀರು ಅಲುಗದೆ ನಿಂತಿತ್ತು. ಮಾಡದೆ ತಡೆಹಿಡಿಯಲು ತಿಪ್ಪಕ್ಕನ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಎಂಥ ಜನ! ಕೆಲಸ ಕೈಗೆ ಬಂದ ಕ್ಷಣವೇ ಮನುಷ್ಯರು ಕಣ್ಣಿಗೆ ಕಾಣುವುದಿಲ್ಲ.

"ತೊಟ್ಟೀನ ಒಡೆದು ಹಾಕಾಣ ಅಕ್ಕಾ," ಎಂದಳು ಮಾರಕ್ಕ.

"ನಾವು ಕಟ್ಟಿದ್ದನ್ನ ನಾವ್ಯಾಕೆ ಒಡೀಬೇಕೇ? ಅವರು ಜೋಡ್ಸಿದ್ದನ್ನ ಬಿಚ್ಚಾಣ."

ಪ್ರಾರ್ಥನೆ ನಡೆಯುತ್ತಿರುವಾಗಲೇ ತಿಪ್ಪಕ್ಕ ಗಾರೆಯ ಕರಣೆಯ ತುದಿಯಿಂದ ಆ ಬಾಗಿಲಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದಳು. ಬಾಗಿಲನ್ನು ಬೀಗದ ಸಮೇತ ಇಬ್ಬರು ಹೊತ್ತು, ನಡುದಾರಿಯಲ್ಲೇ ನಡೆದುಹೋಗಿ, ಆಚೆಯ ಚಾಪೆಯ ಮೇಲೆ ಮಲಗಿಸಿದರು. "ಈ ಬಾಗಿಲು ಇಲ್ಲಿಂದ್ಲೇ ಕೇಳಿಸ್ಕಳ್ಲಿ" ಎಂದು ತಿಪ್ಪಕ್ಕ ಒಳಗೆ ಹೋಗಿ ಕೂತಳು. ಕರ್ನಲ್ ಎದ್ದು ನಿಂತನಂತೆ. ಜ್ಞಾನಸ್ನಾನಕ್ಕೆಂದು ತೊಟ್ಟಿಯ ಬಳಿ ಮಗುವನ್ನು ಎತ್ತಿಕೊಂಡಿದ್ದ ಅವನ ಹೆಂಡತಿ, ಈ ಸಲವೂ ಕೆಡಿಸಬೇಡಿ, ಕೂತುಕೊಳ್ಳಿ ಎಂದಳು. ಕೂತ. ಅಂದಿನಿಂದ ಇದು ತಿಪ್ಪಕ್ಕನ ಚರ್ಚು.

ಈಗಲೂ ನೋಡಬಹುದು. ಎಲ್ಲ ಬೆಂಚುಗಳಿಗೂ ಬಾಗಿಲಿದೆ, ಎಡಗಡೆಯ ಮೂರನೆಯದಕ್ಕಿಲ್ಲ. ಕೇಳಿದವರಿಗೆ, ಗೆದ್ದಲು ತಿಂದಿತ್ತು, ತೆಗೆಸಿದರು ಎಂದು ಕಾವಲುಗಾರ ಹೇಳುತ್ತಾನೆ. ಹಿಂದುಮುಂದಿನ ಬಾಗಿಲುಗಳಿಗೆ ಬಾಯಿ ಹಾಕದೆ ಇದೊಂದನ್ನೇ ಹುಡುಕಿ ತಿಂದು, ಆರು ತಿರುಪುಗಳನ್ನೂ ಮರ ಸೀಳದಂತೆ ಬಿಚ್ಚಿಕೊಂಡು ಹೋದ ಗೆದ್ದಲು ಎಷ್ಟು ಓದಿತ್ತೋ! ಆ ಆರು ತೂತುಗಳಿಗೆ ಬೆರಳಿಟ್ಟು ನೋಡಿ. ಆಮೇಲೆ ಒಂದು ಗಳಿಗೆ ಅಲ್ಲೇ ಕೂತು ಏಳಿ, ಊರಿನ ಹೆಂಗಸರು ಹಾಗೆಯೇ ಮಾಡುತ್ತಾರೆ. ಮಿಕ್ಕ ಬೆಂಚುಗಳ ಹಲಗೆ ಇಂದಿಗೂ ಸಮತಟ್ಟಾಗಿದೆ. ಇದೊಂದರ ಹಲಗೆ ಮಾತ್ರ ಕೂತು ಕೂತು ತಗ್ಗಾಗಿದೆ.