ದೊರೆಗೆ ಒಗ್ಗಿದ ಊರು

"ಮುಖ ತೋರಿಸಿ, ನಿಮಗೆ ಒಗ್ಗುವ ಊರು ಹೇಳುತ್ತೇನೆ!" ಎಂಬುದು ಸವಾರಿ ನರಸಪಯ್ಯನ ಜಂಬ. ಸೋಮಗುಡ್ಡದ ಅರಮನೆಯವರು ಯಾವ ಊರು ಸುತ್ತಿಬರಬೇಕೆಂದು ಗೊತ್ತುಮಾಡುವುದೇ ಅವನ ಕೆಲಸ. ಮಂಡಿನೋವಿನ ರಾಜಮಾತೆಗೆ ಮೆಟ್ಟಿಲಿಲ್ಲದ ದೇವಸ್ಥಾನ, ದಳವಾಯಿಗೆ ಹುಲಿಯ ಕತೆಯಷ್ಟೇ ಇದ್ದು ಹುಲಿಯಿಲ್ಲದ ಕಾಡು, ಆಸ್ಥಾನಕವಿಗೆ ಕೇಳುವವರೇ ಇಲ್ಲದ ಸಮುದ್ರತೀರ. ಈ ಕೊನೆಯದಕ್ಕಂತೂ ಇಡೀ ಅರಮನೆ ಅವನಿಗೆ ಋಣಿಯಾಗಿತ್ತು.

ಒಂದು ದಿನ ದೊರೆ ಭೈರಪ್ಪ ನಾಯಕರೇ ಅವನನ್ನು ಕರೆಸಿದರು.

"ನರಸಪಯ್ಯ, ನನ್ನ ಮುಖ ನೋಡಿ ನನಗೊಂದು ಊರು ಹೇಳು."

"ಎಂಥದು ಬೇಕು ಪ್ರಭು?"

"ಯಾರೂ ನನಗೆ ಕೈಮುಗಿಯದಂಥದು! ಹೋದಲ್ಲೆಲ್ಲ ಅದೇ ಕಹಳೆ, ಅದೇ ಆರತಿ. ಜಲಪಾತ ನೋಡೋಣವೆಂದರೆ ಮುಂದೆ ಇನ್ನೂರು ಪೇಟ. ಊರು ನನ್ನ ರಾಜ್ಯದೊಳಗೇ ಇರಬೇಕು."

"ವೇಷ ಮರೆಸಿಕೊಂಡು..."

"ಅದೂ ಆಯಿತಯ್ಯ! ಬಳೆಗಾರನಾಗಿ ಹೋದೆ. 'ಬಳೆಗಾರ ಮಹಾಪ್ರಭುಗಳಿಗೆ ಜಯವಾಗಲಿ' ಅಂದರು. ಈ ಮೀಸೆ ಎಲ್ಲಿ ಬಚ್ಚಿಡಲಿ?"

ನಿಜವೇ. ಆ ಮೀಸೆಯ ದೆಸೆಯಿಂದ ಕಿರಿದಾದ ಬಾಗಿಲಲ್ಲಿ ದೊರೆ ಓರೆಯಾಗಿ ನುಸುಳಬೇಕಿತ್ತು.

"ಮೂರು ದಿನ ಗಡುವು. ತಪ್ಪಿದರೆ ನಮ್ಮ ಮಾವನವರ ಜತೆ ಒಂದೇ ಗಾಡಿಯಲ್ಲಿ ಕಾಶಿಗೆ ಹೋಗಿ ಬಾ."

ಆ ಮಾವನವರು ತಮ್ಮ ಅಜೀರ್ಣ ಬಿಟ್ಟು ಬೇರೆ ವಿಷಯ ಆಡಿದವರಲ್ಲ, ಆಡುವುದನ್ನು ನಿಲ್ಲಿಸಿದವರೂ ಅಲ್ಲ. ಕಾಶಿಯೆಂದರೆ ಎಂಟು ತಿಂಗಳ ದಾರಿ!

ಎರಡು ದಿನ ನರಸಪಯ್ಯನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅರಮನೆಯ ಬೋಯಿಗಳು ಪಲ್ಲಕ್ಕಿ ಹೊತ್ತು ಎದುರಿಗೇ ಹಾದುಹೋದರು. ಹತ್ತು ವರ್ಷದಿಂದ ನೋಡುತ್ತಿದ್ದರೂ ಅವರಲ್ಲಿ ಒಬ್ಬನ ಮುಖವೂ ತನಗೆ ಗುರುತಿಲ್ಲವಲ್ಲ ಎನಿಸಿತು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಅರಮನೆಗೆ ಓಡಿದ.

"ಊರು ಸಿಕ್ಕಿತು ಪ್ರಭು!"

"ಮೀಸೆ ಬೋಳಿಸಬೇಕೇನೋ?"

"ಬೇಡವೇ ಬೇಡ. ಹೆಗಲ ಮೇಲೊಂದು ಮಡಿಸಿದ ಕಂಬಳಿ ಸಾಕು. ನಿಮ್ಮ ಉಂಗುರ ಮಾತ್ರ ನನಗೆ ಕೊಟ್ಟಿರಿ."

ಮಧ್ಯಾಹ್ನಕ್ಕೆ ಸವಾರಿ ಜಲಪಾತದ ಊರಿಗೆ ಬಂತು. ಕಹಳೆ ಮೊಳಗಿತು. ಪಲ್ಲಕ್ಕಿಯ ಪರದೆಯ ಸಂದಿಯಿಂದ ಉಂಗುರದ ಕೈಯೊಂದು ಹೊರಬಂದು ಆಶೀರ್ವದಿಸಿತು, ತಟ್ಟೆಯಲ್ಲಿದ್ದ ಮಾವಿನಹಣ್ಣು ಎತ್ತಿಕೊಂಡು ಒಳಗೆ ಹೋಯಿತು. ಜನರೆಲ್ಲ ಆ ಕೈಗೇ ಅಡ್ಡಬಿದ್ದರು. ಮುಂದಿನ ದಂಡಿಗೆ ಹೆಗಲು ಕೊಟ್ಟಿದ್ದ ಬೋಯಿಯನ್ನು ಯಾರೂ ಕೇಳಲಿಲ್ಲ. ಮುದುಕಿಯೊಬ್ಬಳು ಮಾತ್ರ ಗದರಿದಳು:

"ಏಯ್, ಮುಖ ಅತ್ತ ತಿರುಗಿಸೋ! ನಿನ್ನ ಮೀಸೆ ಅಡ್ಡ ಬಂದು ದೊರೆಗಳೇ ಕಾಣಲ್ಲ!"

"ತಪ್ಪಾಯ್ತು ಕಣವ್ವ," ಎಂದು ದೊರೆ ಮುಖ ತಿರುಗಿಸಿದರು. ಜೀವಮಾನದಲ್ಲಿ ಅಷ್ಟು ಸುಖ ಅವರಿಗೆ ಆಗಿರಲಿಲ್ಲ.

ಇನ್ನೂರು ಪೇಟಗಳೂ ಜಲಪಾತಕ್ಕೆ ಬೆನ್ನು ಹಾಕಿ ಪಲ್ಲಕ್ಕಿಯನ್ನು ಮುತ್ತಿದವು. ಬೋಯಿಗಳು ಬಂಡೆಯ ಮೇಲೆ ಕೂತರು. ದೊರೆ ನೀರಲ್ಲಿ ಕಾಲು ಇಳಿಬಿಟ್ಟು, ಪಕ್ಕದವನ ಬುತ್ತಿಯ ರಾಗಿಮುದ್ದೆ ಮುರಿದು ತಿನ್ನುತ್ತ, ಇಡೀ ಜಲಪಾತವನ್ನು ಕಣ್ತುಂಬ ನೋಡಿದರು.

ಜನ ಕರಗಿದ ಮೇಲೆ ದೊರೆ ಪಲ್ಲಕ್ಕಿಯ ಬಳಿ ಬಂದು ಪಿಸುಗುಟ್ಟಿದರು: "ಗೆದ್ದೆ ಕಣಯ್ಯ, ಕಾಶಿ ರದ್ದು! ಆದರೆ ಹೆಗಲು ಕಿತ್ತು ಬರ್ತಿದೆ. ಬೇಗ ಇಳಿ. ವಾಪಸು ಹೋಗುವಾಗ ನಾನು ಒಳಗೆ, ನೀನು ಹೊರು."

ಪರದೆ ಸರಿಯಿತು. ದಿಂಬಿಗೆ ಒರಗಿದ್ದ ನರಸಪಯ್ಯ ನಾಲ್ಕನೆಯ ಮಾವಿನಹಣ್ಣಿನ ಓಟೆ ಚೀಪುತ್ತ ಹೇಳಿದ:

"ಕೈಮುಗಿಸಿಕೊಂಡು ಬೇಸರ ಬರಲು ನಿಮಗೆ ಇಪ್ಪತ್ತು ವರ್ಷ ಹಿಡಿಯಿತು ಪ್ರಭು. ನಾನು ಕೂತು ಇನ್ನೂ ಅರ್ಧ ದಿನ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸಾಕಾದ ಮೇಲೆ ಕಂಬಳಿ ಕೊಡವಿ ಇನ್ನೊಂದು ಹೆಗಲು ಕೊಟ್ಟರು.