ಸಲಹೆಗಳಿದ್ದಲ್ಲಿ ಬರೆಯಿರಿ

“ಮೇಷ್ಟ್ರೇ, ನಾವು ಕಲಿಸಿದ್ದು ಮಕ್ಕಳಿಗೆ ತಲುಪಿತು ಅಂತ ತಿಳಿಯುವುದು ಹೇಗೆ?” ಎಂದು ತನುಜಾ ಕೇಳಿದಳು.

ತನುಜಾ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಅಧ್ಯಾಪಕಿಯಾಗಿದ್ದಳು. ಆ ವರ್ಷ ವೃತ್ತಿ ಮಾರ್ಗದರ್ಶನ ಘಟಕದ ಹೊಣೆಯನ್ನು ಅವಳಿಗೆ ವಹಿಸಿದ್ದರು. ಗುರುಸಿದ್ದಯ್ಯ ಮೇಷ್ಟ್ರು ಅವಳಿಗೆ ಎಂ.ಎ. ತರಗತಿಯಲ್ಲಿ ಪಾಠ ಹೇಳಿದವರು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಅವಳು ಕಾರ್ಯಾಗಾರ ಮುಗಿಸಿ ನೇರವಾಗಿ ಅವರ ಮನೆಗೆ ಬಂದಿದ್ದಳು. ಮಡಿಲಲ್ಲಿ ಕೆಂಪು ದಾರದಿಂದ ಬಿಗಿದ ಹಾಳೆಗಳ ಕಟ್ಟೊಂದಿತ್ತು.

“ತಿಳಿಯುವುದಕ್ಕೆ ನಿನ್ನ ಹತ್ತಿರ ಏನಾದರೂ ಇರಬೇಕಲ್ಲ?” ಎಂದರು ಮೇಷ್ಟ್ರು.

“ಇದೆ. ಇವತ್ತು ಮಕ್ಕಳು ಬರೆದುಕೊಟ್ಟ ಅಭಿಪ್ರಾಯದ ಹಾಳೆಗಳು. ನೂರಾ ಹನ್ನೆರಡು. ಅದರಲ್ಲಿ ನೂರಾ ಏಳು ಜನ ‘ಅತ್ಯುತ್ತಮ’ ಅಂತ ಗುರುತು ಹಾಕಿದ್ದಾರೆ. ಎರಡು ಸಲ ಎಣಿಸಿ ಕಟ್ಟಿದೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ.”

“ಎರಡು ಸಲ ಎಣಿಸಿದೆಯಾ?” ಎಂದು ಮೇಷ್ಟ್ರು ನಕ್ಕರು. ಆಮೇಲೆ ಅವರು ಹೇಳಿದ ಕತೆ ಇದು.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಅಧ್ಯಾಪಕಿ ಇದ್ದಳು. ನಿನ್ನ ಹಾಗೆಯೇ ವೃತ್ತಿ ಮಾರ್ಗದರ್ಶನ ಘಟಕ ಆಕೆಯ ಕೈಯಲ್ಲಿತ್ತು. ಹಿಂದಿನವರ ಕಾಲದಲ್ಲಿ ಆ ಘಟಕಕ್ಕೆ ಬಾಗಿಲ ಮೇಲಿನ ಹೆಸರೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಆಕೆ ಬಂದ ಮೇಲೆ ವರ್ಷಕ್ಕೆ ಹನ್ನೆರಡು ಕಾರ್ಯಾಗಾರಗಳು ನಡೆದವು. ರೆಸ್ಯೂಮ್ ಬರೆಯುವುದು ಹೇಗೆ, ಗುಂಪು ಚರ್ಚೆಯಲ್ಲಿ ಬಾಯಿ ಬಿಡುವುದು ಹೇಗೆ, ಸಂದರ್ಶನದಲ್ಲಿ ಕೈ ಎಲ್ಲಿಟ್ಟುಕೊಳ್ಳಬೇಕು, ಹೀಗೆ. ಹೊರಗಿನಿಂದ ಬರುವ ತಜ್ಞರನ್ನು ತಾನೇ ನಿಲ್ದಾಣಕ್ಕೆ ಹೋಗಿ ಕರೆತರುತ್ತಿದ್ದಳು. ಸಭಾಂಗಣದ ಬೀಗದ ಕೈ ಸಿಗದ ದಿನ ಕಾವಲುಗಾರನ ಮನೆಯವರೆಗೂ ನಡೆದು ಹೋಗಿ ತಂದದ್ದುಂಟು. ಸೋಮಾರಿ ಎಂದು ಆಕೆಯನ್ನು ಯಾರೂ ಅನ್ನುವ ಹಾಗಿರಲಿಲ್ಲ.

ಆಕೆಗೆ ತನ್ನ ಕಡತಗಳ ಬಗ್ಗೆ ಬಹಳ ಹೆಮ್ಮೆ. ಪ್ರತಿ ಕಾರ್ಯಾಗಾರಕ್ಕೂ ಒಂದು ಕಡತ. ಅದರೊಳಗೆ ಸುತ್ತೋಲೆ, ಹಾಜರಿ ಹಾಳೆ, ದಿನಾಂಕ ಮೂಡಿದ ಫೋಟೋ, ಅಭಿಪ್ರಾಯದ ಹಾಳೆಗಳು, ಕೊನೆಯಲ್ಲಿ ವರದಿ. ವರದಿಯಲ್ಲಿ ‘ಕೈಗೊಂಡ ಕ್ರಮ’ ಎಂಬ ಕಲಮೊಂದು ಇತ್ತು. ಮೊದಲ ವರ್ಷ ಆಕೆ ಅಲ್ಲಿ ಯೋಚಿಸಿ ಬರೆಯುತ್ತಿದ್ದಳು. ಎರಡನೆಯ ವರ್ಷದಿಂದ ಅಲ್ಲಿ ಒಂದೇ ವಾಕ್ಯ: ‘ವಿದ್ಯಾರ್ಥಿಗಳ ಸಲಹೆಗಳನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ.’ ಮೂರನೆಯ ವರ್ಷ ಆ ವಾಕ್ಯವನ್ನು ಮೊದಲೇ ಅಚ್ಚು ಹಾಕಿಸಿಬಿಟ್ಟಳು. ಪ್ರತಿ ಸಲ ಬರೆಯುವ ಕೆಲಸ ತಪ್ಪಿತು.

ಅಭಿಪ್ರಾಯದ ಹಾಳೆಯಲ್ಲಿ ಆರು ಪ್ರಶ್ನೆಗಳಿದ್ದವು. ಎಲ್ಲಕ್ಕೂ ಗುರುತು ಹಾಕಿದರೆ ಸಾಕು. ಕೆಳಗಡೆ ‘ಸಲಹೆಗಳಿದ್ದಲ್ಲಿ ಬರೆಯಿರಿ’ ಎಂದು ಎರಡು ಖಾಲಿ ಗೆರೆ. ಕಾರ್ಯಾಗಾರ ಮುಗಿಯುವಾಗ ಅಧ್ಯಾಪಕಿ ಮೈಕು ಹಿಡಿದು ಪ್ರತಿ ಸಲವೂ ಹೇಳುತ್ತಿದ್ದಳು: “ಬಾಯಲ್ಲಿ ಹೇಳೋದಕ್ಕೆ ಸಂಕೋಚ ಆದರೆ ಬರೆದುಕೊಡಿ. ಆ ಗೆರೆಗಳು ಇರೋದೇ ಅದಕ್ಕೆ. ಒಂದೊಂದು ಹಾಳೆಯನ್ನೂ ನಾನೇ ಓದುತ್ತೇನೆ.”

ಮೊದಲ ವರ್ಷ ಆ ಮಾತು ನಿಜವಾಗಿತ್ತು. ಆಮೇಲೆ ಹಾಳೆಗಳು ಹೆಚ್ಚಾದವು. ಆಕೆ ಗುರುತುಗಳನ್ನು ಎಣಿಸಿ, ಶೇಕಡಾವಾರು ತೆಗೆದು, ದಾರ ಕಟ್ಟಿ ಇಡತೊಡಗಿದಳು. ಮೈಕಿನಲ್ಲಿ ಹೇಳುವ ಮಾತು ಮಾತ್ರ ಹಾಗೆಯೇ ಉಳಿಯಿತು.

ಆ ಮಾತನ್ನು ನಂಬಿದ ಒಬ್ಬ ಹುಡುಗಿ ಇದ್ದಳು. ರಸಾಯನಶಾಸ್ತ್ರದ ಎಂ.ಎಸ್ಸಿ., ಕೊನೆಯ ವರ್ಷ. ಅವಳ ತಂದೆ ಹತ್ತಿರದ ಹೋಬಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹನ್ನೆರಡರಲ್ಲಿ ಒಂದು ಕಾರ್ಯಾಗಾರವನ್ನೂ ಅವಳು ತಪ್ಪಿಸಿಕೊಂಡವಳಲ್ಲ. ಕಾರ್ಯಾಗಾರದಲ್ಲಿ ಬರೆದ ರೆಸ್ಯೂಮನ್ನೇ ಅವಳು ಒಂದು ಔಷಧ ಕಾರ್ಖಾನೆಗೆ ಕಳಿಸಿದಳು. ಅಲ್ಲಿಂದ ಕರೆ ಬಂತು. ಸಂದರ್ಶನ ಮಾರ್ಚ್ ಹದಿನಾಲ್ಕರಂದು, ಒಂದು ಹಗಲು ರೈಲಿನಲ್ಲಿ ಕೂತು ಹೋಗಬೇಕಾದಷ್ಟು ದೂರದ ಊರಿನಲ್ಲಿ.

ಸಂದರ್ಶನದಲ್ಲಿ ಏನು ಕೇಳಿದರೂ ಉತ್ತರಿಸುವುದಕ್ಕೆ ಅವಳು ಕಲಿತಿದ್ದಳು. ಅಪ್ಪನ ಹತ್ತಿರ ‘ಹೋಗಲಾ’ ಎಂದು ಕೇಳುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಅವಳ ಮನೆಯಿಂದ ಹೆಣ್ಣುಮಗಳೊಬ್ಬಳು ಅಷ್ಟು ದೂರ ಒಬ್ಬಳೇ ಹೋದದ್ದಿಲ್ಲ. ಆದರೆ ಕಲಿತವರ ಮಾತಿಗೆ ಅಪ್ಪ ಎದುರಾಡುವವನಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮಾರ್ಚ್ ಆರರ ಕಾರ್ಯಾಗಾರದಲ್ಲಿ ಅವಳು ಆರೂ ಪ್ರಶ್ನೆಗಳಿಗೆ ‘ಅತ್ಯುತ್ತಮ’ ಎಂದು ಗುರುತು ಹಾಕಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಳು. ಅವಳು ಏನು ಬರೆದಳು ಎಂಬುದು ಅಧ್ಯಾಪಕಿಗೆ ತಿಳಿಯಲು ಮೂರು ವರ್ಷ ಬೇಕಾಯಿತು. ನಿನಗೆ ಈಗಲೇ ಹೇಳಿಬಿಡುತ್ತೇನೆ.

‘ಮೇಡಂ, ನನಗೆ ಹದಿನಾಲ್ಕಕ್ಕೆ ಸಂದರ್ಶನವಿದೆ. ಮನೆಯಲ್ಲಿ ಹೇಳಲು ಧೈರ್ಯವಿಲ್ಲ. ನೀವು ನಮ್ಮ ತಂದೆಯವರಿಗೆ ಫೋನ್ ಮಾಡಿ ಒಂದು ಮಾತು ಹೇಳಿದರೆ ಕಳಿಸುತ್ತಾರೆ. ಹದಿಮೂರರ ಬೆಳಿಗ್ಗೆ ರೈಲು.’ ಅದರ ಕೆಳಗೆ ಹೆಸರು, ಗಿರಣಿಯ ಫೋನ್ ನಂಬರು.

ಆ ದಿನ ಅಧ್ಯಾಪಕಿ ಎಣಿಸಿದಳು. ತೊಂಬತ್ತೆಂಟು ಹಾಳೆ, ತೊಂಬತ್ತೊಂದು ‘ಅತ್ಯುತ್ತಮ’. ಹುಡುಗಿಯ ಹಾಳೆ ಆ ತೊಂಬತ್ತೊಂದರಲ್ಲಿ ಒಂದಾಗಿ ಕಟ್ಟಿನೊಳಗೆ ಸೇರಿತು.

ಹುಡುಗಿ ಕಾದಳು. ಪ್ರತಿ ಸಂಜೆ ಮನೆಗೆ ಬಂದವಳೇ, “ಅಪ್ಪಾ, ಫೋನ್ ಏನಾದರೂ ಬಂತಾ?” ಎಂದು ಕೇಳುತ್ತಿದ್ದಳು. “ಬಂತು. ಪಟೇಲರ ಮನೆಯಿಂದ, ಅಕ್ಕಿ ಹಿಟ್ಟು ಆಯ್ತಾ ಅಂತ,” ಎನ್ನುತ್ತಿದ್ದ ಅಪ್ಪ. ಹನ್ನೆರಡರ ಮಧ್ಯಾಹ್ನ ಅವಳು ಅಧ್ಯಾಪಕಿಯ ಕೋಣೆಯ ಹೊರಗೆ ಹೋಗಿ ನಿಂತಳು. ಅಧ್ಯಾಪಕಿ ಮಡಿಸಿದ ಬ್ಯಾನರನ್ನು ಕಂಕುಳಲ್ಲಿ ಹಿಡಿದು ಹೊರಗೆ ಬಂದಳು. ಹುಡುಗಿಯನ್ನು ಕಂಡು ಆಕೆಗೆ ನಿಜಕ್ಕೂ ಸಂತೋಷವಾಯಿತು.

“ಓ, ನೀನಾ! ನಾಡಿದ್ದು ಕೊನೆಯ ಕಾರ್ಯಾಗಾರ. ತಪ್ಪಿಸಬೇಡ. ಮುಂದಿನ ಸಾಲಲ್ಲೇ ಕೂತುಕೋ, ಫೋಟೋದಲ್ಲಿ ಚೆನ್ನಾಗಿ ಬರಬೇಕು.”

“ನಾಡಿದ್ದಾ ಮೇಡಂ?”

“ಹೌದಮ್ಮ, ಹದಿನಾಲ್ಕು. ಬರುತ್ತೀಯಲ್ಲ?”

ಹುಡುಗಿ ಆಕೆಯ ಮುಖವನ್ನೇ ನೋಡಿದಳು. “ಬರುತ್ತೀನಿ ಮೇಡಂ,” ಎಂದಳು.

ಅಧ್ಯಾಪಕಿ ಅದನ್ನು ಮರೆತಳು. ಪರೀಕ್ಷೆಗಳಾದವು. ಆ ತಂಡ ಹೋಗಿ ಬೇರೆ ತಂಡ ಬಂತು. ಮೂರು ವರ್ಷದ ಮೇಲೆ ಪರಿಶೀಲನಾ ಸಮಿತಿ ಬಂತು. ಸಮಿತಿಯ ಅಧ್ಯಕ್ಷರು ಆಕೆಯ ಕಪಾಟಿನ ಮುಂದೆ ನಿಂತು, “ಇಷ್ಟು ಓರಣವಾದ ದಾಖಲೆಗಳನ್ನು ನಾನು ಎಲ್ಲಿಯೂ ನೋಡಿಲ್ಲ,” ಎಂದರು. ಮಾದರಿಗೆಂದು ಒಂದು ಕಡತ ಎಳೆದರು. ಕಟ್ಟು ಬಿಚ್ಚಿ, ನಡುವಿನಿಂದ ಒಂದು ಹಾಳೆ ತೆಗೆದು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

‘ಮೇಡಂ, ನನಗೆ ಹದಿನಾಲ್ಕಕ್ಕೆ ಸಂದರ್ಶನವಿದೆ...’

ಕೊನೆಯವರೆಗೂ ಓದಿ ಅವರು ತಲೆದೂಗಿದರು. ಜೊತೆಯವರ ಕಡೆ ತಿರುಗಿ, “ನೋಡಿ, ಮಕ್ಕಳು ಇವರ ಮೇಲೆ ಎಷ್ಟು ವಿಶ್ವಾಸ ಇಟ್ಟಿದ್ದಾರೆ!” ಎಂದರು. ಆಮೇಲೆ ವರದಿಯ ಕೊನೆಯ ಪುಟ ತೆರೆದರು. ಕೈಗೊಂಡ ಕ್ರಮ: ಸಲಹೆಗಳನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ. ಅಧ್ಯಕ್ಷರು ಸಂತೋಷದಿಂದ ಆ ಸಾಲಿನ ಪಕ್ಕದಲ್ಲಿ ಗುರುತು ಹಾಕಿದರು. ಘಟಕಕ್ಕೆ ಪೂರ್ಣ ಅಂಕ ಬಂತು.

ಎಲ್ಲರೂ ಊಟಕ್ಕೆ ಹೋದರು. ಅಧ್ಯಾಪಕಿ ಹೋಗಲಿಲ್ಲ. ಮುಂದಿನ ಕಡತ ತೆಗೆದಳು. ಮಾರ್ಚ್ ಹದಿನಾಲ್ಕು. ಹಾಜರಿ ಹಾಳೆಯಲ್ಲಿ ಮೊದಲ ಸಹಿ ಆ ಹುಡುಗಿಯದೇ. ಫೋಟೋದಲ್ಲಿ ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬೆನ್ನು ನೆಟ್ಟಗೆ, ಕೈಗಳು ಮಡಿಲಲ್ಲಿ, ಕಲಿಸಿದ ಹಾಗೆಯೇ. ಅವಳ ತಲೆಯ ಮೇಲೆ ಬ್ಯಾನರಿನಲ್ಲಿ ಅಂದಿನ ವಿಷಯ ಬರೆದಿತ್ತು: ‘ಅವಕಾಶವನ್ನು ಗುರುತಿಸುವುದು ಹೇಗೆ?’

ಸಂದರ್ಶನದ ಹೊತ್ತಿಗೆ ಹುಡುಗಿ ಎಲ್ಲಿದ್ದಳು ಎಂಬುದಕ್ಕೆ ಆಕೆಯ ದಾಖಲೆಯಲ್ಲಿ ಸ್ವಲ್ಪವೂ ಸಂಶಯವಿರಲಿಲ್ಲ.

ಮಾರನೆಯ ದಿನ ಅಧ್ಯಾಪಕಿ ಆ ಹಾಳೆಯನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡಳು: ‘ನಾನು ಓದಿರಲಿಲ್ಲ. ನನ್ನನ್ನು ಕ್ಷಮಿಸು.’ ನಾಲ್ಕೇ ಪದ, ಹೇಳಲು ಹೊತ್ತು ಬೇಕಾಗಿಲ್ಲ ಎಂದುಕೊಂಡಳು.

ಗಿರಣಿ ಓಡುತ್ತಿತ್ತು. ಹುಡುಗಿಯೇ ನಿಂತು ರಾಗಿ ಸುರಿಯುತ್ತಿದ್ದಳು. ಕೂದಲು, ಹುಬ್ಬು ಎಲ್ಲ ಹಿಟ್ಟು. ಬಾಗಿಲಲ್ಲಿ ಡಬ್ಬ ಹಿಡಿದು ನಿಂತ ಹೆಂಗಸೊಬ್ಬಳು ಕೂಗುತ್ತಿದ್ದಳು: “ಏನೇ ಎಮ್ಮೆಸ್ಸಿ, ನಂದು ಆಯ್ತೇನೆ? ಇನ್ನೊಂದು ಪರೀಕ್ಷೆ ಪಾಸು ಮಾಡ್ಕೊಂಡು ಕೊಡ್ತೀಯೋ ಹೆಂಗೆ?”

“ಆಯ್ತು ತಡೀರಿ ಚಿಕ್ಕಮ್ಮ, ಬಿಸಿ ಹಿಟ್ಟು ತಗೊಂಡು ಹೋಗಿ ಮುದ್ದೆ ಗಂಟಾಯ್ತು ಅಂತ ನನ್ನನ್ನೇ ಬೈತೀರ!”

ಅಷ್ಟರಲ್ಲಿ ಅವಳು ಅಧ್ಯಾಪಕಿಯನ್ನು ಕಂಡಳು. ಓಡಿ ಹೋಗಿ ಮೋಟಾರು ನಿಲ್ಲಿಸಿದಳು. ಸ್ಟೂಲನ್ನು ಸೆರಗಿನಿಂದ ಒರೆಸಿದಳು. “ಕೂತ್ಕೊಳ್ಳಿ ಮೇಡಂ. ಅಯ್ಯೋ, ಸೀರೆಗೆ ಹಿಟ್ಟಾಗುತ್ತೆ, ತಾಳಿ.” ಅಪ್ಪನಿಗೆ ಉಬ್ಬಸ, ಹಿಟ್ಟಿನ ಧೂಳು ಆಗುವುದಿಲ್ಲ, ಅದಕ್ಕೆ ಎರಡು ವರ್ಷದಿಂದ ತಾನೇ ನೋಡಿಕೊಳ್ಳುತ್ತಿದ್ದೇನೆ ಎಂದಳು. “ನೀವು ಕಲಿಸಿದ್ದು ವ್ಯರ್ಥ ಆಗಿಲ್ಲ ಮೇಡಂ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೆ ಗಿರಾಕಿಗಳು ಜಗಳ ಆಡೋದಿಲ್ಲ,” ಎಂದು ನಕ್ಕಳು.

ಅಧ್ಯಾಪಕಿ ಕೈಚೀಲದ ಜಿಪ್ಪಿನ ಮೇಲೆ ಬೆರಳಿಟ್ಟಳು. “ಆವತ್ತು ನೀನೊಂದು ಹಾಳೆಯಲ್ಲಿ ಬರೆದಿದ್ದೆ...” ಎಂದಳು.

“ನೆನಪಿದೆಯಾ ಮೇಡಂ ನಿಮಗೆ?” ಹುಡುಗಿಯ ಮುಖ ಅರಳಿತು. “ನೀವು ಒಂದೊಂದು ಹಾಳೆಯನ್ನೂ ಓದುತ್ತೀರಿ ಅಂತ ಗೊತ್ತಿತ್ತು. ಓದಿಯೂ ಅಪ್ಪನಿಗೆ ಫೋನ್ ಮಾಡಲಿಲ್ಲ ಅಂದರೆ, ಹೋಗೋದು ಬೇಡ ಅಂತ ನಿಮಗೆ ಅನ್ನಿಸಿದೆ ಅಂತ ತಿಳಿದುಕೊಂಡೆ. ಅದೇ ದಿನ ಕಾರ್ಯಾಗಾರಕ್ಕೆ ಬಾ ಅಂತ ನೀವೇ ಕರೆದಿರಲ್ಲ, ಆಗ ಖಾತ್ರಿ ಆಯಿತು. ಅಪ್ಪನಿಗೆ ಆಮೇಲೆ ಎಷ್ಟೋ ದಿನ ಬಿಟ್ಟು ಹೇಳಿದೆ. ‘ನಿಮ್ಮ ಮೇಡಂ ಒಂದು ಮಾತು ಅಂದಿದ್ದರೆ ನಾನೇ ಗಿರಣಿ ಮುಚ್ಚಿ ಕರ್ಕೊಂಡು ಹೋಗ್ತಿದ್ದೆ’ ಅಂತ ಕೂಗಾಡಿದ. ‘ಅವರು ಯೋಚನೆ ಮಾಡಿಯೇ ಸುಮ್ಮನಿದ್ದಾರೆ ಕಣಪ್ಪಾ, ನನಗೆ ಅದು ಆಗೋದಿಲ್ಲ ಅಂತ ಅವರಿಗೆ ಗೊತ್ತಿತ್ತು’ ಅಂದೆ. ಆಮೇಲೆ ಬೇರೆ ಎಲ್ಲಿಗೂ ಅರ್ಜಿ ಹಾಕಲಿಲ್ಲ.”

ಬಾಗಿಲಲ್ಲಿದ್ದ ಹೆಂಗಸು ಡಬ್ಬ ಬಡಿದಳು. ಹುಡುಗಿ ಹೋಗಿ ಮೋಟಾರು ಹಾಕಿದಳು. ಇನ್ನು ಏನು ಹೇಳಿದರೂ ಕೂಗಿ ಹೇಳಬೇಕಾಗಿತ್ತು. ಅಧ್ಯಾಪಕಿ ಕೈಚೀಲದ ಜಿಪ್ಪಿನಿಂದ ಬೆರಳು ತೆಗೆದಳು. ತನ್ನ ಮೇಡಂ ತನ್ನನ್ನು ತೂಗಿ ನೋಡಿ ಬೇಡವೆಂದರು ಎಂದು ಹುಡುಗಿ ಮೂರು ವರ್ಷದಿಂದ ನಂಬಿದ್ದಳು. ತೂಗಿಯೇ ಇರಲಿಲ್ಲ ಎಂದರೆ ಅವಳಿಗೆ ಹಗುರವಾಗುತ್ತದೆಯೇ, ಇನ್ನೂ ಭಾರವಾಗುತ್ತದೆಯೇ? ಆಕೆಗೆ ತಿಳಿಯಲಿಲ್ಲ. ತನ್ನ ಬಾಯಿ ಕಟ್ಟಿದ್ದು ಕರುಣೆಯೋ ನಾಚಿಕೆಯೋ, ಅದೂ ತಿಳಿಯಲಿಲ್ಲ. ಹುಡುಗಿ ಕೊಟ್ಟ ಚಹಾ ಕುಡಿದಳು. ಬಸ್ಸಿನ ಹೊತ್ತಾಯಿತು ಎಂದು ಎದ್ದಳು. ಹುಡುಗಿ ರಸ್ತೆಯವರೆಗೂ ಬಂದು, ಹಿಟ್ಟಿನ ಕೈಯನ್ನು ಆಕೆಯ ಸೀರೆಗೆ ಮುಟ್ಟಿಸದೆ ನಮಸ್ಕಾರ ಮಾಡಿದಳು.

ಮೇಷ್ಟ್ರು ಕತೆ ನಿಲ್ಲಿಸಿದರು.

ತನುಜಾಳ ಕಣ್ಣು ತುಂಬಿತ್ತು. ಆದರೆ ದನಿಯಲ್ಲಿ ಸಿಟ್ಟಿತ್ತು. “ಅಷ್ಟು ದೂರ ಹೋಗಿಯೂ ‘ಓದಿರಲಿಲ್ಲ’ ಅಂತ ಹೇಳಲಿಲ್ಲವೇ? ಎಂಥ ಅಧ್ಯಾಪಕಿ ಮೇಷ್ಟ್ರೇ ಆಕೆ?”

ಮೇಷ್ಟ್ರು ಅವಳ ಮಡಿಲಿನ ಕೆಂಪು ದಾರದ ಗಂಟನ್ನು ನೋಡಿದರು.

“ಮೊದಲು ಈ ಕಟ್ಟು ಬಿಚ್ಚು ತಾಯಿ, ಆಕೆಯ ವಿಚಾರಣೆ ಆಮೇಲೆ ಮಾಡೋಣ.”